ಚಿಮಣಿಯ ಬಾಯಿ ಮುಚ್ಚಿಸಿ
ಅಮೆರಿಕದಲ್ಲಿ ಮನೆ ಕೊಂಡಿರುವ ಕನ್ನಡಿಗರಿಗೊಂದು ಬಹಿರಂಗ ಪತ್ರ



ಬೆಳಕಿರುವ ಹೊತ್ತಿನಲ್ಲಿ ಒಮ್ಮೆ ಮನೆಯಿಂದ ಹೊರಗೆ ಬನ್ನಿ. ರಸ್ತೆ ದಾಟಿ ಎದುರು ಬದಿಯಲ್ಲಿ ನಿಂತು ನಿಮ್ಮ ಮನೆಯ ಸೂರನ್ನು ನೋಡಿ. ಇಟ್ಟಿಗೆಯ ಚಿಮಣಿ ಇದ್ದರೆ ಅದರ ನೆತ್ತಿಯಲ್ಲಿ ಸುಟ್ಟ ಮಣ್ಣಿನ ಕೊಳವೆ, ಒಂದೋ ಎರಡೋ, ನಾಲ್ಕು ಬೆರಳಿನಷ್ಟು ಮೇಲೆದ್ದು ನಿಂತಿರುತ್ತದೆ. ಅದರ ಮೇಲೆ ಸುತ್ತಲೂ ಜಾಲರಿ, ತಲೆಗೆ ತಗಡು ಇರುವ ಸಣ್ಣ ಪಂಜರದಂಥದ್ದು ಕೂತಿದೆಯೇ? ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಫೋನಿನ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿ. ಅದೇ ಚಿಮ್ನಿ ಕ್ಯಾಪ್. ಅದು ಇಲ್ಲದಿದ್ದರೆ, ಅಥವಾ ಇದ್ದೂ ತುಕ್ಕು ಹಿಡಿದು ಒಂದು ಕಡೆಗೆ ವಾಲಿದ್ದರೆ, ಈ ಪತ್ರ ಬರೆದಿರುವುದು ನಿಮಗೇ.

ನ್ಯೂಜೆರ್ಸಿ, ಮಿಷಿಗನ್, ಇಲಿನಾಯ್, ಮ್ಯಾಸಚೂಸೆಟ್ಸ್ ಕಡೆ ನಮ್ಮವರು ಕೊಳ್ಳುವ ಎಷ್ಟೋ ಮನೆಗಳು ನಮಗಿಂತ ವಯಸ್ಸಾದವು. ಒಳ್ಳೆಯ ಶಾಲೆ ನೋಡುತ್ತೇವೆ, ಆಫೀಸಿಗೆ ಎಷ್ಟು ದೂರ ಎಂದು ನೋಡುತ್ತೇವೆ, ಬಾಗಿಲು ಪೂರ್ವಕ್ಕಿದೆಯೇ ಎಂದೂ ನೋಡುತ್ತೇವೆ. ಚಿಮಣಿಯನ್ನು ಮಾತ್ರ ನೋಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ಕೊಡಗು, ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳನ್ನು ಬಿಟ್ಟರೆ ಗೋಡೆಯೊಳಗೆ ಬೆಂಕಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅಜ್ಜಿಯ ಅಡುಗೆಮನೆಯ ಹೊಗೆ ಬೆಳಕಿಂಡಿಯಿಂದಲೋ ಹಂಚಿನ ಸಂದಿನಿಂದಲೋ ಹೊರಗೆ ಹೋಗುತ್ತಿತ್ತು. ಹಾಗಾಗಿ ಇಲ್ಲಿಯ ಫೈರ್‌ಪ್ಲೇಸ್ ನಮಗೆ ಒಂದು ಅಲಂಕಾರ. ಅದರ ಮೇಲಿನ ಕಟ್ಟೆಯಲ್ಲಿ ಗಣಪತಿ ಕೂರುತ್ತಾನೆ, ನವರಾತ್ರಿಯಲ್ಲಿ ಗೊಂಬೆಗಳು ಬರುತ್ತವೆ, ಅದಕ್ಕೂ ಮೇಲೆ ಟಿವಿ.

ಮನೆ ಕೊಳ್ಳುವಾಗ ಬರುವ ಹೋಮ್ ಇನ್‌ಸ್ಪೆಕ್ಟರ್ ನೋಡಿರುತ್ತಾರಲ್ಲ ಎಂದು ನೀವು ಹೇಳಬಹುದು. ಚಿಮಣಿಯ ಒಳಕೊಳವೆಯನ್ನು ಪರೀಕ್ಷಿಸುವುದು ಸಾಮಾನ್ಯವಾಗಿ ಅವರ ಕೆಲಸದ ವ್ಯಾಪ್ತಿಗೇ ಬರುವುದಿಲ್ಲ. ಹೆಚ್ಚೆಂದರೆ ವರದಿಯ ಕೊನೆಯಲ್ಲೆಲ್ಲೋ 'ಲೆವೆಲ್ 2 ತಪಾಸಣೆ ಮಾಡಿಸಿ' ಎಂದು ಒಂದು ಸಾಲು ಬರೆದಿರುತ್ತಾರೆ. ಎನ್‌ಎಫ್‌ಪಿಎ 211 ಎಂಬ ಇಲ್ಲಿಯ ಅಗ್ನಿಸುರಕ್ಷೆಯ ಮಾನದಂಡ ಹೇಳುವುದೂ ಅದನ್ನೇ: ಮನೆ ಕೈ ಬದಲಾದಾಗ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡುವಂಥ ಲೆವೆಲ್ 2 ತಪಾಸಣೆ ಆಗಬೇಕು, ಆಮೇಲೆ ಬಳಸಲಿ ಬಿಡಲಿ ವರ್ಷಕ್ಕೊಮ್ಮೆ ಚಿಮಣಿಯನ್ನು ನೋಡಿಸಬೇಕು. ಇಪ್ಪತ್ತು ಜನ ಬಿಡ್ ಹಾಕಿರುವ ಮನೆಗೆ ಪೈಪೋಟಿಯಲ್ಲಿ ನಿಂತವರಿಗೆ ಆ ಸಾಲು ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ, ಕೀ ಕೈಗೆ ಬಂದ ಮೇಲೆ ನೋಡೋಣ ಎನ್ನುತ್ತೇವೆ. ಕೀ ಬಂದ ಮೇಲೆ ಗೃಹಪ್ರವೇಶ, ಅಡುಗೆಮನೆಯ ರಿಪೇರಿ, ಮಕ್ಕಳ ಶಾಲೆ.

ಕ್ಯಾಪ್ ವಿಷಯ ಎತ್ತಿದಾಗ ನಮ್ಮವರಿಂದ ನಾನು ಹೆಚ್ಚು ಕೇಳುವ ಮಾತು, "ನಾವು ಅದರಲ್ಲಿ ಬೆಂಕಿಯೇ ಹಾಕೋದಿಲ್ಲವಲ್ಲ, ನಮಗ್ಯಾಕೆ?" ನನ್ನ ವಾದ ಪೂರ್ತಿ ಇದಕ್ಕೆ ಉಲ್ಟಾ. ಬೆಂಕಿ ಹಾಕದವರ ಮನೆಗೇ ಅದು ಹೆಚ್ಚು ಬೇಕು. ಚಳಿಗಾಲದಲ್ಲಿ ಸೌದೆ ಉರಿಸುವ ಮನೆಯವರು ವರ್ಷಕ್ಕೊಮ್ಮೆ ಚಿಮಣಿ ಗುಡಿಸುವ ಚಿಮ್ನಿ ಸ್ವೀಪ್‌ನನ್ನು ಕರೆಸುತ್ತಾರೆ. ಬಂದವನು ಮೇಲೆ ಹತ್ತುತ್ತಾನೆ, ಬಿರುಕಿದ್ದರೆ ಹೇಳುತ್ತಾನೆ. ಹೊಗೆ ಸರಿಯಾಗಿ ಮೇಲೇರದಿದ್ದರೆ ಮನೆಯವರಿಗೂ ಅವತ್ತೇ ಗೊತ್ತಾಗುತ್ತದೆ. ಬೆಂಕಿ ಕಾಣದ ಚಿಮಣಿಯನ್ನು ಹತ್ತು ವರ್ಷವಾದರೂ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಷ್ಟೂ ವರ್ಷ ಅದರ ಬಾಯಿ ಆಕಾಶಕ್ಕೆ ತೆರೆದೇ ಇರುತ್ತದೆ.

ಮೊದಲು ನೀರಿನ ಲೆಕ್ಕ ನೋಡಿ. ನ್ಯೂಜೆರ್ಸಿಯಲ್ಲಿ ವರ್ಷಕ್ಕೆ ಸುಮಾರು 45 ಇಂಚು ಮಳೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಕೊಳವೆಯ ಬಾಯಿಗೆ ಅಷ್ಟೂ ನೇರವಾಗಿ ಬಿದ್ದರೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಮನೆಯ ಗೋಡೆಯೊಳಕ್ಕೆ ಇಳಿದಂತಾಯಿತು. ಎರಡು ಕೊಳವೆ ಇದ್ದರೆ ಇನ್ನೂರು. ಇದು ಒಮ್ಮೆಲೇ ಸುರಿದು ಹಾಲ್‌ಗೆ ಬಂದರೆ ಆ ಕ್ಷಣವೇ ಎಚ್ಚೆತ್ತುಕೊಳ್ಳುತ್ತಿದ್ದೆವು. ಅದು ಹಾಗೆ ಬರುವುದಿಲ್ಲ. ಕೊಳವೆಯ ಒಳಮೈಗೆ ಅಂಟಿರುವ ಹಳೆಯ ಮಸಿಯಲ್ಲಿ ಇಂಗುತ್ತದೆ, ಮಣ್ಣಿನ ಕೊಳವೆಯ ತುಂಡುಗಳನ್ನು ಜೋಡಿಸಿರುವ ಗಾರೆಯನ್ನು ತೊಯಿಸುತ್ತದೆ, ಕೆಳಗೆ ಹೊಗೆಯ ದಾರಿಯನ್ನು ತೆರೆದು ಮುಚ್ಚುವ ಡ್ಯಾಂಪರ್‌ನ ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಮಸಿ ಮತ್ತು ನೀರು ಸೇರಿದರೆ ಆಮ್ಲ. ಗಾರೆಯನ್ನು ಅದು ಒಳಗಿಂದೊಳಗೇ ತಿನ್ನುತ್ತದೆ. ಜುಲೈ ತಿಂಗಳ ಸೆಕೆಯಲ್ಲಿ ಕೆಲವು ಮನೆಗಳ ಹಾಲ್‌ನಲ್ಲಿ ಹಳೆಯ ಬೂದಿ ನೆನೆದಂಥ ವಾಸನೆ ಬರುತ್ತದಲ್ಲ, ಅಗರಬತ್ತಿ ಹಚ್ಚಿದರೂ ಹೋಗದಂಥದ್ದು, ಅದರ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ನಂತರ ಬರುವುದು ಚಳಿಗಾಲ. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟ ಡೆಟ್ರಾಯಿಟ್, ಷಿಕಾಗೋ ಕಡೆ ಒಂದೇ ಚಳಿಗಾಲದಲ್ಲಿ ಎಷ್ಟು ಸಲ ನಡೆಯುತ್ತದೆ ಎಂಬುದು ಅಲ್ಲಿರುವ ನಿಮಗೇ ಗೊತ್ತು. ಪ್ರತಿ ಸಲವೂ ಬಿರುಕು ಒಂದೊಂದು ಕೂದಲೆಳೆಯಷ್ಟು ಅಗಲವಾಗುತ್ತದೆ. ಕೊಳವೆ ಸೀಳುತ್ತದೆ, ಇಟ್ಟಿಗೆಯ ಮುಖ ಹಕ್ಕಳೆಯಾಗಿ ಉದುರುತ್ತದೆ. ಫೈರ್‌ಪ್ಲೇಸಿನ ಪಕ್ಕದ ಗೋಡೆಯಲ್ಲಿ ಕಂದು ಕಲೆ ಕಾಣಿಸಿಕೊಂಡಾಗ ಸೂರು ಸೋರುತ್ತಿದೆ ಎಂದುಕೊಂಡು ಶಿಂಗಲ್ ಬದಲಾಯಿಸುವವರನ್ನು ಕರೆಸುತ್ತೇವೆ. ಹೊಸ ಶಿಂಗಲ್ ಬರುತ್ತದೆ, ಕಲೆ ಹೋಗುವುದಿಲ್ಲ. ಮುಚ್ಚಳವೊಂದೇ ಎಲ್ಲವನ್ನೂ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಚಿಮಣಿಯ ನೆತ್ತಿಗೆ ಹಾಕಿರುವ ಕಾಂಕ್ರೀಟಿನ ಕ್ರೌನ್ ಒಡೆದಿದ್ದರೆ, ಚಿಮಣಿ ಮತ್ತು ಸೂರು ಕೂಡುವಲ್ಲಿನ ತಗಡಿನ ಪಟ್ಟಿ ಎದ್ದಿದ್ದರೆ ಅದನ್ನೂ ಸರಿಮಾಡಿಸಬೇಕು. ಆದರೆ ಮೇಲಿನ ಬಾಯಿ ತೆರೆದಿಟ್ಟು ಪಕ್ಕದ ಬಿರುಕು ಮುಚ್ಚಿಸಿದರೆ ಕೊಟ್ಟ ಹಣ ದಂಡ. ಮಲೆನಾಡಿನವರು ಮಳೆ ಹಿಡಿಯುವ ಮೊದಲೇ ಸೂರು ಹತ್ತಿ ಒಡೆದ ಹಂಚು ಬದಲಿಸುತ್ತಾರೆ. ಆ ಕಾಳಜಿ ಇಲ್ಲಿಯ ಸೂರಿಗೂ ಸಲ್ಲಬೇಕು.

ಇನ್ನು ಹೇಳಲಿರುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಬೇಸ್‌ಮೆಂಟಿಗೆ ಇಳಿಯಿರಿ. ಗ್ಯಾಸಿನ ವಾಟರ್ ಹೀಟರ್ ಎಲ್ಲಿದೆ ನೋಡಿ. ಅದರ ತಲೆಯ ಮೇಲಿಂದ ಒಂದು ಕೊಳವೆ ಹೊರಟಿರುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಬಿಳಿ ಪ್ಲಾಸ್ಟಿಕ್ ಪೈಪಾಗಿದ್ದು ಪಕ್ಕದ ಗೋಡೆಯಿಂದ ಹೊರಗೆ ಹೋಗಿದ್ದರೆ ಅದು ಬೇರೆ ವ್ಯವಸ್ಥೆ. ತಗಡಿನ ಕೊಳವೆ ಇಟ್ಟಿಗೆಯ ಗೋಡೆಯೊಳಗೆ ಹೊಕ್ಕಿದ್ದರೆ ನಿಮ್ಮ ಮನೆಯಲ್ಲಿ ಚಿಮಣಿ ಪ್ರತಿದಿನವೂ ಕೆಲಸ ಮಾಡುತ್ತಿದೆ ಎಂದರ್ಥ. ನೀವು ಫೈರ್‌ಪ್ಲೇಸಿಗೆ ಒಂದು ಕಡ್ಡಿಯನ್ನೂ ಗೀರಿಲ್ಲದಿರಬಹುದು. ಆದರೆ ಸ್ನಾನಕ್ಕೆ ನೀರು ಕಾದಾಗಲೆಲ್ಲ, ಹಳೆಯ ಫರ್ನೇಸ್ ಉರಿದಾಗಲೆಲ್ಲ, ಅದರ ಹೊಗೆ ಅದೇ ಚಿಮಣಿಯೊಳಗಿನ ಇನ್ನೊಂದು ಕೊಳವೆಯಿಂದ ಮೇಲೇರುತ್ತಿದೆ.

ಆ ಕೊಳವೆಯ ಬಾಯಿಗೆ ಜಾಲರಿ ಇಲ್ಲ ಎಂದಿಟ್ಟುಕೊಳ್ಳಿ. ಶರತ್ಕಾಲದಲ್ಲಿ ಮೇಪಲ್, ಓಕ್ ಎಲೆಗಳು ಉದುರಿ ಒಳಗೆ ಬೀಳುತ್ತವೆ. ಅಳಿಲು ಕಸಕಡ್ಡಿ ತಂದು ಹಾಕುತ್ತದೆ. ಮೇಲೆ ಒಡೆದ ಕೊಳವೆಯ ಚೂರುಗಳು ಜಾರಿ ಕೆಳಗೆ ಕೂರುತ್ತವೆ. ದಾರಿ ಕಟ್ಟಿಕೊಂಡರೆ ಮೇಲೆ ಹೋಗಬೇಕಾದ ಅನಿಲ ಹಿಂದಿರುಗಿ ಬೇಸ್‌ಮೆಂಟಿಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಬೆಂಕಿ ಅನಾಹುತಗಳಲ್ಲಿ ಸತ್ತವರನ್ನು ಬಿಟ್ಟೇ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಈ ಅನಿಲದಿಂದ ಆಕಸ್ಮಿಕವಾಗಿ ಸಾಯುತ್ತಾರೆ ಎಂದು ಇಲ್ಲಿಯ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಅವೆಲ್ಲ ಚಿಮಣಿಯಿಂದಲೇ ಆದ ಸಾವುಗಳಲ್ಲ. ಕಾರು, ಜನರೇಟರ್, ಹೀಟರ್ ಎಲ್ಲ ಸೇರಿದ ಲೆಕ್ಕ ಅದು. ಆದರೂ ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಊರಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ನಾವು ಎಷ್ಟೋ ಸಲ ಹಾಸಿಗೆ ಹಾಸಿ ಕೊಡುವುದು ಬೇಸ್‌ಮೆಂಟಿನಲ್ಲೇ. ಅಮ್ಮ ಬೆಳಿಗ್ಗೆ ಎದ್ದು ತಲೆನೋವು, ವಾಂತಿ ಬಂದಂತಾಗುತ್ತದೆ ಎಂದರೆ ಜೆಟ್‌ಲ್ಯಾಗ್ ಎನ್ನುತ್ತೇವೆ, ಚಳಿಗೆ ಎನ್ನುತ್ತೇವೆ, ಫ್ಲೂ ಇರಬೇಕು ಎನ್ನುತ್ತೇವೆ. ಈ ಅನಿಲದ ವಿಷದ ಮೊದಲ ಲಕ್ಷಣಗಳೂ ಅವೇ. ಮನೆಯ ಪ್ರತಿ ಮಹಡಿಯಲ್ಲಿ, ಮಲಗುವ ಕೋಣೆಗಳ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಅದು ಕೂಗಿದರೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಬೇಕು. ಕ್ಯಾಪ್ ಇದೆ ಎಂದು ಅಲಾರಂ ಬಿಡುವಂತಿಲ್ಲ, ಅಲಾರಂ ಇದೆ ಎಂದು ಕ್ಯಾಪ್ ಬಿಡುವಂತಿಲ್ಲ.

ನಮ್ಮ ಅಡುಗೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಒಗ್ಗರಣೆಯ ಘಾಟು ಸೋಫಾಕ್ಕೆ ಹಿಡಿಯಬಾರದೆಂದು ಎಲ್ಲರಿಗಿಂತ ಜೋರಾದ ಎಕ್ಸಾಸ್ಟ್ ಹಾಕಿಸುತ್ತೇವೆ. ಅದು ಹೊರಗೆ ಎಸೆಯುವಷ್ಟು ಗಾಳಿ ಮನೆಯೊಳಗೆ ಎಲ್ಲಿಂದಲಾದರೂ ಬರಲೇಬೇಕು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿರುವ ಜನವರಿಯಲ್ಲಿ ಆ ಗಾಳಿ ಚಿಮಣಿಯಿಂದ ಕೆಳಗೆ ಇಳಿಯಬಹುದು, ವಾಟರ್ ಹೀಟರಿನ ಹೊಗೆಯನ್ನೂ ಹಿಂದಕ್ಕೆ ಎಳೆಯಬಹುದು. ಇದಕ್ಕೆ ಕ್ಯಾಪ್ ಪರಿಹಾರವಲ್ಲ. ಚಿಮಣಿಗೆ ಹೊಗೆ ಬಿಡುವ ಇಂಥ ಹೀಟರ್ ಇರುವ ಮನೆಯಲ್ಲಿ ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವ ಹುಡ್ ಹಾಕಿಸುವವರು ಹೊರಗಿನ ಗಾಳಿ ಒಳಬರಲು ಬೇರೆ ದಾರಿ ಮಾಡಿಸಬೇಕೆಂದು ಇಲ್ಲಿಯ ಮಾದರಿ ಕಟ್ಟಡ ನಿಯಮದಲ್ಲೇ ಇದೆ. ಚಿಮಣಿ ನೋಡಲು ಬಂದವರಿಗೆ ಅಡುಗೆಮನೆಯ ಹುಡ್ ಬಗ್ಗೆಯೂ ಹೇಳಿ. ಗೃಹಪ್ರವೇಶದ ಹೋಮಕುಂಡವನ್ನು ಹೊಗೆ ಮೇಲೆ ಹೋಗಲೆಂದು ಫೈರ್‌ಪ್ಲೇಸಿನ ಬಾಯಲ್ಲೇ ಇಡಲು ಹೊರಟವರಿಗೂ ಒಂದು ಮಾತು. ಆ ಚಿಮಣಿಯನ್ನು ಯಾರಾದರೂ ನೋಡುವ ತನಕ ಅದರೊಳಗೆ ಬೆಂಕಿ ಬೇಡ. ಮೇಲೆ ಏನು ಸಿಕ್ಕಿಕೊಂಡಿದೆಯೋ ನಿಮಗೂ ಗೊತ್ತಿಲ್ಲ, ಪುರೋಹಿತರಿಗೂ ಗೊತ್ತಿಲ್ಲ.

ಮೇಲೆ ಸಿಕ್ಕಿಕೊಂಡಿರುವುದು ಜೀವವೂ ಆಗಿರಬಹುದು. ವಸಂತದಲ್ಲಿ ರಕೂನ್ ತಾಯಿಗೆ ತೆರೆದ ಚಿಮಣಿ ಒಳ್ಳೆಯ ಬಾಣಂತಿ ಕೋಣೆ. ಡ್ಯಾಂಪರ್‌ನ ಹಿಂದಿರುವ ಅಡ್ಡಗಟ್ಟೆಯ ಮೇಲೆ ಮರಿ ಹಾಕುತ್ತದೆ. ಮರಿಗಳ ಸದ್ದು ಕೇಳಿಸಿದರೆ ಹೊಗೆ ಹಾಕಿ ಓಡಿಸಲು ಹೋಗಬೇಡಿ. ತಾಯಿ ಓಡಿದರೂ ಮರಿಗಳಿಗೆ ಹತ್ತಲು ಬರುವುದಿಲ್ಲ, ಅವು ಅಲ್ಲೇ ಸಾಯುತ್ತವೆ. ವನ್ಯಜೀವಿಗಳನ್ನು ಹಿಡಿದು ಬಿಡುವ ಪರವಾನಗಿ ಇರುವವರನ್ನು ಕರೆಸಿ. ರಕೂನ್‌ಗಳಿಂದ ರೇಬೀಸ್ ಹರಡುವ ಅಪಾಯ ಇರುವುದರಿಂದ ನೀವಾಗಿ ಕೈ ಹಾಕುವುದೂ ಬೇಡ.

ಹಕ್ಕಿಯ ವಿಷಯಕ್ಕೆ ಬಂದರೆ ನಾನು ಕ್ಯಾಪ್‌ನ ಪರವಾಗಿ ಮಾತ್ರ ಮಾತಾಡಿ ಮುಗಿಸಲಾರೆ. ಚಿಮ್ನಿ ಸ್ವಿಫ್ಟ್ ಎಂಬ ಪುಟ್ಟ ಬೂದುಗಪ್ಪು ಹಕ್ಕಿ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಈ ದೇಶದ ಪೂರ್ವಾರ್ಧಕ್ಕೆ ಬರುತ್ತದೆ. ನಮ್ಮೂರ ದೇವಸ್ಥಾನಗಳ ಚಾವಣಿಯಲ್ಲಿ ಗುಂಪುಗುಂಪಾಗಿ ಗೂಡು ಕಟ್ಟಿ ಸಂಜೆ ಚೀರುತ್ತಾ ಸುತ್ತುವ ಹಕ್ಕಿಗಳ ಕುಲದ್ದೇ ಇದು. ಇದಕ್ಕೆ ಕೊಂಬೆಯ ಮೇಲೆ ಕೂರಲು ಬರುವುದಿಲ್ಲ. ಅದರ ಕಾಲುಗಳು ಒರಟು ಗೋಡೆಗೆ ಅಂಟಿ ನೇತಾಡಲೆಂದೇ ಇರುವಂಥವು. ಹಿಂದೆ ಕಾಡಿನ ಟೊಳ್ಳು ಮರಗಳ ಒಳಗೆ ಗೂಡು ಕಟ್ಟುತ್ತಿತ್ತು. ವಲಸೆ ಬಂದವರು ಮರ ಕಡಿದು ಮನೆ ಕಟ್ಟಿದರು, ಹಕ್ಕಿ ಅವರ ಚಿಮಣಿಗೆ ಬಂತು. ಒಣಕಡ್ಡಿಗಳನ್ನು ತನ್ನ ಜೊಲ್ಲಿನಿಂದ ಅಂಟಿಸಿ ಗೋಡೆಗೆ ಅರ್ಧಬಟ್ಟಲಿನಂಥ ಗೂಡು ಮಾಡುತ್ತದೆ. ಸಾಮಾನ್ಯವಾಗಿ ಒಂದು ಚಿಮಣಿಗೆ ಒಂದೇ ಜೋಡಿ. 1966ರಿಂದ ಈಚೆಗೆ ಇವುಗಳ ಸಂಖ್ಯೆ ಅರ್ಧಕ್ಕಿಂತಲೂ ಹೆಚ್ಚು ಕುಸಿದಿದೆ.

1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಪ್ರಕಾರ ಮೊಟ್ಟೆ, ಮರಿ ಇರುವ ಗೂಡನ್ನು ತೆಗೆಯುವುದು ಅಪರಾಧ. ಹಾಗಾಗಿ ಬೇಸಿಗೆಯಲ್ಲಿ ಚಿಮಣಿಯೊಳಗಿಂದ ಚಿಲಿಪಿಲಿ, ರೆಕ್ಕೆ ಬಡಿದ ಗುಡುಗಿನಂಥ ಸದ್ದು ಕೇಳಿಸಿದರೆ ಏನೂ ಮಾಡಬೇಡಿ. ಡ್ಯಾಂಪರ್ ಮುಚ್ಚಿಡಿ, ಫೈರ್‌ಪ್ಲೇಸಿನ ಬಾಯಿಗೆ ದಪ್ಪ ಥರ್ಮಾಕೋಲಿನ ಹಲಗೆ ಒತ್ತಿಡಿ, ಸದ್ದು ಕಡಿಮೆಯಾಗುತ್ತದೆ. ಜೋರು ಗಲಾಟೆ ಮರಿಗಳು ಹಾರುವ ಮೊದಲಿನ ಎರಡು ವಾರದಷ್ಟೇ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅವು ದಕ್ಷಿಣಕ್ಕೆ ಹೊರಟಿರುತ್ತವೆ. ಆಮೇಲೆ ಗುಡಿಸಿಸಿ ಮುಚ್ಚಳ ಹಾಕಿಸಿ.

ನಿಮ್ಮದು ಗಟ್ಟಿಮುಟ್ಟಾದ ಹಳೆಯ ಇಟ್ಟಿಗೆ ಚಿಮಣಿಯಾಗಿದ್ದು, ಆ ಕೊಳವೆಗೆ ಹೀಟರ್ ಸೇರಿಲ್ಲ ಎಂದು ಖಚಿತವಾಗಿದ್ದರೆ, ಚಳಿಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ಹಕ್ಕಿಗೆಂದೇ ತೆರೆದಿಡುವ ದಾರಿಯೂ ಇದೆ. ಹಾಗೆ ಮಾಡುವವರನ್ನು ನಾನು ಗೌರವಿಸುತ್ತೇನೆ. ಅವರು ಪ್ರತಿವರ್ಷ ತಪ್ಪದೆ ಚಿಮಣಿ ಗುಡಿಸಿಸಬೇಕು, ಅಷ್ಟೇ. ಒಳಗೆ ಲೋಹದ ಕೊಳವೆ ಇರುವವರಂತೂ ಹಕ್ಕಿಯ ಮೇಲಿನ ಕರುಣೆಯಿಂದಲೇ ಮುಚ್ಚಬೇಕು. ಲೋಹ ನುಣುಪು, ಒಳಗೆ ಇಳಿದ ಹಕ್ಕಿಗೆ ಹಿಡಿತ ಸಿಗದೆ ಮತ್ತೆ ಮೇಲೆ ಬರಲಾಗುವುದಿಲ್ಲ. ಹಕ್ಕಿಗೆಂದೇ ಚಿಮಣಿ ಬಿಟ್ಟುಕೊಟ್ಟವರೂ ಇದ್ದಾರೆ. ಒರೆಗಾನಿನ ಪೋರ್ಟ್ಲೆಂಡ್ ನಗರದಲ್ಲಿ ಚಾಪ್‌ಮನ್ ಎಂಬ ಶಾಲೆಯಿದೆ. ಪಶ್ಚಿಮ ಕರಾವಳಿಯ ವಾಕ್ಸ್ ಸ್ವಿಫ್ಟ್‌ಗಳು ಸೆಪ್ಟೆಂಬರಿನ ಸಂಜೆಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಅದರ ಚಿಮಣಿಗೆ ಇಳಿಯುತ್ತವೆ ಎಂದು ಶಾಲೆಯವರು ಆ ಚಿಮಣಿಯನ್ನು ಬಳಸುವುದನ್ನೇ ಬಿಟ್ಟು ಕಟ್ಟಡ ಬಿಸಿ ಮಾಡಲು ಬೇರೆ ವ್ಯವಸ್ಥೆ ಮಾಡಿಕೊಂಡರು. ಆ ಕಡೆಯ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಸೌದೆ ಉರಿಸುವವರಿಗೆ ಕಿಡಿಯ ಮಾತು ಬೇರೆ. ಕ್ಯಾಪ್‌ನ ಜಾಲರಿ ಕಿಡಿ ಹಾರಿ ಸೂರಿನ ಒಣ ಎಲೆಗೆ ಬೀಳದಂತೆ ತಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆ ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು, 3/8 ಇಂಚಿಗಿಂತ ಸಣ್ಣದೂ ಇರಬಾರದು ಎಂಬ ನಿಯಮವಿದೆ. ತೀರಾ ಸಣ್ಣ ಕಣ್ಣಿಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಮಸಿ ಮೆತ್ತಿಕೊಂಡು ದಾರಿಯೇ ಕಟ್ಟುತ್ತದೆ. ಹಾರ್ಡ್‌ವೇರ್ ಅಂಗಡಿಯ ಕೋಳಿಜಾಲರಿ ತಂದು ತಂತಿ ಸುತ್ತಿ ಕಟ್ಟುವುದು ಬೇಡ. ಪ್ಲೈವುಡ್, ಟಾರ್ಪಾಲಿನ್ ಹೊದಿಸುವುದಂತೂ ಬೇಡವೇ ಬೇಡ. ಆ ಕೊಳವೆಗೆ ಹೀಟರ್ ಸೇರಿದ್ದರೆ ಅದು ಮನೆಯವರ ಪ್ರಾಣಕ್ಕೇ ಎರವು.

ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲ್‌ನದೇ ಕೊಳ್ಳಿ. ಕಪ್ಪು ಬಣ್ಣ ಹಚ್ಚಿದ ಸತುಲೇಪದ ತಗಡು ಅಗ್ಗ, ಆದರೆ ಕೆಲವೇ ವರ್ಷಗಳಲ್ಲಿ ತುಕ್ಕು ಇಳಿದು ಇಟ್ಟಿಗೆಯ ಮೈಯೆಲ್ಲ ಕಂದು ಗೆರೆ. ಅಂಗಡಿಗೆ ಹೋಗುವಾಗ ಫ್ರಿಜ್ ಮೇಲಿನ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. 304 ದರ್ಜೆಯ ಸ್ಟೀಲಿಗೆ ಅದು ಅಂಟುವುದಿಲ್ಲ. ಸಾಮಾನ್ಯ ಅಳತೆಗಳು 8ಕ್ಕೆ 8, 8ಕ್ಕೆ 13, 13ಕ್ಕೆ 13 ಇಂಚು. ಕೊಳವೆಯ ಹೊರ ಅಂಚಿನ ಅಳತೆ ಬೇಕು. ಒಂದು ಕೊಳವೆಯ ಕ್ಯಾಪ್ ಸುಮಾರು ಐವತ್ತರಿಂದ ಇನ್ನೂರು ಡಾಲರ್ ಒಳಗೆ ಸಿಗುತ್ತದೆ. ಒಡೆದ ಕೊಳವೆಯೊಳಗೆ ಹೊಸ ಲೈನರ್ ಇಳಿಸಲು ಹೊರಟರೆ ಮಾತು ಸಾವಿರಗಳಲ್ಲಿ. ಇತ್ತೀಚಿನ ದಶಕಗಳ ಮನೆಗಳಲ್ಲಿ ಇಟ್ಟಿಗೆಯ ಬದಲು ಮರದ ಚೌಕಟ್ಟಿಗೆ ಸೈಡಿಂಗ್ ಹೊದಿಸಿದ ಚಿಮಣಿ, ಒಳಗೆ ಕಾರ್ಖಾನೆಯಲ್ಲಿ ಮಾಡಿದ ಲೋಹದ ಕೊಳವೆ ಇರುತ್ತದೆ. ಅದಕ್ಕೆ ತಯಾರಕರು ಹೇಳಿದ ಕ್ಯಾಪ್ ಮಾತ್ರ ಹಾಕಬೇಕು. ಮೇಲಿನ ಅಗಲವಾದ ತಗಡಿನಲ್ಲಿ ನೀರು ನಿಲ್ಲುತ್ತಿದ್ದರೆ ಅದನ್ನೂ ಬದಲಿಸಬೇಕು. ಟೌನ್‌ಹೌಸ್‌ನವರು ಮೊದಲು ತಮ್ಮ ವಸತಿ ಸಂಘವಾದ ಎಚ್‌ಒಎಗೆ ಬರೆದು ಕೇಳಿ. ಸೂರಿನ ಮೇಲಿನದು ಅವರ ಜವಾಬ್ದಾರಿಯಾಗಿರಬಹುದು, ನಿಮ್ಮ ಜೇಬಿನಿಂದ ಒಂದು ಡಾಲರೂ ಹೋಗದಿರಬಹುದು.

ದಯವಿಟ್ಟು ನೀವೇ ಏಣಿ ಹಾಕಿ ಹತ್ತಬೇಡಿ. ಯೂಟ್ಯೂಬಿನಲ್ಲಿ ಅದು ಸುಲಭವಾಗಿ ಕಾಣುತ್ತದೆ. ಎರಡು ಮಹಡಿ ಮೇಲಿನ ಇಳಿಜಾರು ಸೂರು ಬೇರೆಯೇ ಲೋಕ. ಸಿಎಸ್‌ಐಎ ಎಂಬ ಚಿಮಣಿ ಸುರಕ್ಷತಾ ಸಂಸ್ಥೆಯ ಪ್ರಮಾಣಪತ್ರವಿರುವ ಸ್ವೀಪ್‌ಗಳು ಬಹುತೇಕ ಊರುಗಳಲ್ಲಿ ಸಿಗುತ್ತಾರೆ. ಮೇಲೆ ಹತ್ತಿದವರು ತೆಗೆದ ಫೋಟೊ ಕೇಳಿ, ಕೆಲಸಕ್ಕೆ ಮೊದಲು ಮತ್ತು ನಂತರ. ಬಾಗಿಲಿಗೆ ಬಂದು ತೀರಾ ಅಗ್ಗಕ್ಕೆ ಗುಡಿಸಿಕೊಡುತ್ತೇವೆಂದು ಹೇಳಿ, ಒಳಗೆ ಬಂದ ಹತ್ತೇ ನಿಮಿಷದಲ್ಲಿ ಇಡೀ ಚಿಮಣಿ ಬಿಚ್ಚಬೇಕೆಂದು ಹೆದರಿಸುವವರೂ ಇದ್ದಾರೆ. ದೊಡ್ಡ ಮೊತ್ತ ಕೇಳಿದರೆ ಇನ್ನೊಬ್ಬರನ್ನು ಕರೆಸಿ ನೋಡಿಸಿ.

ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ಯುಗಾದಿ ಕಾರ್ಯಕ್ರಮ ನಡೆಯುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಉತ್ತರದ ರಾಜ್ಯಗಳಿಗೆ ಸ್ವಿಫ್ಟ್‌ಗಳು ಬರುವುದು ಏಪ್ರಿಲ್ ಕೊನೆಗೆ, ಡಾಲಸ್ ಕಡೆಗಾದರೆ ಮಾರ್ಚಿನಲ್ಲೇ. ಹಕ್ಕಿ ಬರುವ ಮೊದಲು ಮುಚ್ಚಳ ಹಾಕಿಸಲು ಉತ್ತರದವರಿಗೆ ಯುಗಾದಿಯ ಹೊತ್ತೇ ಕೊನೆಯ ಅವಕಾಶ. ಸ್ವೀಪ್‌ಗಳಿಗೆ ಆಗ ಚಳಿಗಾಲದ ನೂಕುನುಗ್ಗಲೂ ಇರುವುದಿಲ್ಲ. ಬೇವುಬೆಲ್ಲ ಹಂಚಿದ ಮೇಲೆ, ನಾಟಕ ಶುರುವಾಗುವ ಮುಂಚೆ, ಹತ್ತು ನಿಮಿಷ ಇದಕ್ಕೆ ಕೊಡಿ. ಚಿಮಣಿ ಸರಿಮಾಡಿಸಿಕೊಂಡ ಸದಸ್ಯರೊಬ್ಬರು ಫೋಟೊ ತೋರಿಸಿ ಮಾತಾಡಲಿ, ತಮಗೆ ಒಳ್ಳೆಯ ಕೆಲಸ ಮಾಡಿಕೊಟ್ಟವರ ಹೆಸರು ಹೇಳಲಿ. ಕೂಟದ ವಾಟ್ಸಾಪ್ ಗುಂಪಿನಲ್ಲಿ ಆ ಪಟ್ಟಿ ಇರಲಿ. ಈ ವರ್ಷ ಮನೆ ಕೊಂಡ ಹೊಸಬರಿಗೆ, ಒಬ್ಬರೇ ಇರುವ ಹಿರಿಯರಿಗೆ, ಯಾರಾದರೂ ಕರೆ ಮಾಡಿ "ನಿಮ್ಮ ಚಿಮಣಿಗೆ ಕ್ಯಾಪ್ ಇದೆಯಾ?" ಎಂದು ಕೇಳಲಿ. ಇಲ್ಲ ಎಂದರೆ ಅದೇ ವಾರ ಸ್ವೀಪ್‌ಗೆ ಫೋನ್ ಹಚ್ಚಿ ಕೊಡಲಿ.


ನ್ಯೂಜೆರ್ಸಿಯಿಂದ ನಿಮ್ಮವಳೇ ಆದ ಒಬ್ಬ ಕನ್ನಡತಿ